ಬೂದಿಯನ್ನು ಮತ್ತೆ ಸೌದೆ ಮಾಡುವ ವಿದ್ಯೆ

ನೀರು ಏಕೆ ಉರಿಯುವುದಿಲ್ಲ? ಇದು ಮಕ್ಕಳು ಕೇಳುವ ಪ್ರಶ್ನೆ. ಬೆಂಕಿಯನ್ನು ಆರಿಸತಕ್ಕ ವಸ್ತು ತಾನೇ ಉರಿಯುವುದೆಂತು ಎಂದು ಹಿರಿಯರಾದ ನಾವು ನಕ್ಕು ಸುಮ್ಮನಾಗುತ್ತೇವೆ. ಆದರೆ ರಸಾಯನಶಾಸ್ತ್ರವನ್ನು ಬಲ್ಲವರು ಕೊಡುವ ಉತ್ತರ ಬೇರೆ. ನೀರು ಉರಿಯದಿರುವುದು ಅದು ಆಗಲೇ ಉರಿದು ಮುಗಿದಿರುವುದರಿಂದ. ಜಲಜನಕವೆಂಬ ಅನಿಲವು ಆಮ್ಲಜನಕದೊಡನೆ ಕೂಡಿ ಉರಿದ ಮೇಲೆ ಉಳಿಯುವ ಬೂದಿಯೇ ನೀರು. ನಮ್ಮ ಕೊಡಪಾನ, ಹಂಡೆ, ಕೆರೆ, ಕಡಲುಗಳಲ್ಲಿ ತುಂಬಿರುವುದೆಲ್ಲ ಈ ಬೂದಿಯೇ. ಒಂಬತ್ತು ಕಿಲೋ ನೀರಿನಲ್ಲಿ ಒಂದು ಕಿಲೋ ಜಲಜನಕವೂ ಎಂಟು ಕಿಲೋ ಆಮ್ಲಜನಕವೂ ಇರುತ್ತವೆ. ಆ ಒಂದು ಕಿಲೋ ಜಲಜನಕವನ್ನು ಬಿಡಿಸಿಕೊಂಡು ಮತ್ತೆ ಉರಿಸಿದರೆ, ಅದೇ ತೂಕದ ಪೆಟ್ರೋಲು ಕೊಡುವುದಕ್ಕಿಂತ ಎರಡೂವರೆ ಪಾಲಿಗೂ ಹೆಚ್ಚು ಶಾಖ ದೊರೆಯುತ್ತದೆ. ಹೊಗೆಯಿಲ್ಲ, ಮಸಿಯಿಲ್ಲ, ಉರಿದ ಮೇಲೆ ಉಳಿಯುವುದು ಪುನಃ ನೀರು.

ಹಾಗಿದ್ದರೆ ಇನ್ನೇನು, ನೀರನ್ನು ಒಡೆದು ಉರಿಸೋಣ ಎಂದು ಯಾರಿಗಾದರೂ ಅನ್ನಿಸೀತು. ಬರಿಯ ನೀರಿನಿಂದ ಓಡುವ ಮೋಟಾರನ್ನು ಕಂಡುಹಿಡಿದೆನೆಂದು ಹೇಳಿಕೊಳ್ಳುವವರ ಸುದ್ದಿ ನಾಲ್ಕಾರು ವರ್ಷಗಳಿಗೊಮ್ಮೆ ಪತ್ರಿಕೆಗಳಲ್ಲಿ ಬರುವುದುಂಟು. ಓದುಗರು ಅದನ್ನು ನಂಬಬೇಕಾದುದಿಲ್ಲ. ಜಲಜನಕ ಉರಿದಾಗ ಎಷ್ಟು ಶಕ್ತಿ ಹೊರಬಿತ್ತೋ, ಬೂದಿಯನ್ನು ಮತ್ತೆ ಸೌದೆ ಮಾಡಬೇಕಾದರೆ ಅಷ್ಟನ್ನೂ ಹಿಂದಕ್ಕೆ ತೆರಬೇಕು, ಪೈಸೆಯೂ ಬಿಡುವಂತಿಲ್ಲ. ಪ್ರಕೃತಿಯ ಲೆಕ್ಕಪತ್ರ ವಿಭಾಗದಲ್ಲಿ ರಿಯಾಯಿತಿ ಎಂಬ ಮಾತೇ ಇಲ್ಲ. ಉಳಿಯುವ ಪ್ರಶ್ನೆ ಇಷ್ಟೆ: ತೆರಬೇಕಾದ ಈ ಹಣವನ್ನು ಯಾರ ಖಾತೆಯಿಂದ ತೆಗೆಯುವುದು? ಸೂರ್ಯನ ಖಾತೆಯಿಂದ ತೆಗೆಯೋಣವೆಂದು ಹೊರಟವರ ಕಥೆಯನ್ನು ಇಲ್ಲಿ ಹೇಳಬೇಕೆಂದಿದ್ದೇನೆ. ಅದರಲ್ಲಿಯೂ, ಕಳೆದ ಹತ್ತು ಹದಿನೈದು ವರ್ಷಗಳಲ್ಲಿ ಈ ಕೆಲಸಕ್ಕೆ ಒಂದೊಂದೇ ಪರಮಾಣುವನ್ನು ಬಿಡಿಬಿಡಿಯಾಗಿ ಕೂರಿಸಿ ದುಡಿಸಿಕೊಳ್ಳುವ ಹೊಸ ಜಾಣ್ಮೆಯೊಂದು ಬಂದಿದೆ. ಅದನ್ನು ತಿಳಿದುಕೊಳ್ಳುವುದು ನಮ್ಮಂಥ ಸಾಮಾನ್ಯರಿಗೂ ಕಷ್ಟವಲ್ಲ.

ಜಲಜನಕವೆಂದರೆ ಮುಂದೆಂದೋ ಬರಲಿರುವ ಮೋಟಾರು ಗಾಡಿಗಳಿಗೆ ಸಂಬಂಧಿಸಿದ ವಿಷಯ, ನಮಗೇತಕ್ಕೆ ಎನ್ನುವವರೂ ಇರಬಹುದು. ಅದು ಇವತ್ತಿನ ಅನ್ನದ ತಟ್ಟೆಗೆ ಸಂಬಂಧಿಸಿದ ವಿಷಯ. ಮುಂಬಯಿಯ ಚೆಂಬೂರಿನ ಕಡೆ ವಾಸವಾಗಿರುವ ನಮ್ಮವರಿಗೆ ಅಲ್ಲಿಯ ರಾಸಾಯನಿಕ ಗೊಬ್ಬರದ ಕಾರ್ಖಾನೆಯ ಪರಿಚಯವಿದ್ದೇ ಇದೆ. ಅಂತಹ ಕಾರ್ಖಾನೆಗಳಲ್ಲಿ ಗಾಳಿಯ ಸಾರಜನಕಕ್ಕೆ ಜಲಜನಕವನ್ನು ಬೆರೆಸಿ ಅಮೋನಿಯಾ ಮಾಡುತ್ತಾರೆ, ಅಮೋನಿಯಾದಿಂದ ಯೂರಿಯಾ, ಯೂರಿಯಾದಿಂದ ಗದ್ದೆಯ ಭತ್ತ. ಊರಿನಲ್ಲಿ ಅಣ್ಣನೋ ಚಿಕ್ಕಪ್ಪನೋ ಸೊಸೈಟಿಯ ಮುಂದೆ ಸಾಲು ನಿಂತು ತರುವ ಗೊಬ್ಬರದ ಮೂಟೆಯ ಹಿಂದೆ ಇರುವುದು ಈ ಜಲಜನಕವೇ. ಅದು ಎಲ್ಲಿಂದ ಬರುತ್ತದೆ? ಬಹುಮಟ್ಟಿಗೆ ನೆಲದಿಂದ ತೆಗೆದ ನೈಸರ್ಗಿಕ ಅನಿಲದಿಂದ. ಆ ಅನಿಲದಲ್ಲಿ ಸುಮಾರು ಅರ್ಧದಷ್ಟನ್ನು ನಮ್ಮ ದೇಶ ಹೊರಗಿನಿಂದ ಕೊಂಡು ತರುತ್ತದೆ. ಸಾಲದುದಕ್ಕೆ, ಈ ದಾರಿಯಲ್ಲಿ ಒಂದು ಕಿಲೋ ಜಲಜನಕ ಮಾಡಿದರೆ ಒಂಬತ್ತು ಹತ್ತು ಕಿಲೋ ಇಂಗಾಲಾಮ್ಲ ಅನಿಲ ಹುಟ್ಟಿಕೊಳ್ಳುತ್ತದೆ. ದೂರದ ದೇಶದಲ್ಲಿ ಯುದ್ಧವಾದರೆ ನಮ್ಮೂರಿನ ಗೊಬ್ಬರಕ್ಕೆ ತತ್ವಾರವಾಗುವುದೇಕೆ ಎಂಬುದು ಇದರಿಂದ ತಿಳಿಯುತ್ತದೆ. ನೀರೂ ಬಿಸಿಲೂ ಇದ್ದ ಕಡೆಯಲ್ಲೆಲ್ಲ ಜಲಜನಕ ಮಾಡಿಕೊಳ್ಳುವಂತಾದರೆ ಈ ಹಂಗು ತಪ್ಪೀತು.

ನೀರನ್ನು ಒಡೆಯುವುದೇನೋ ಹಳೆಯ ವಿದ್ಯೆಯೇ. ಇಟಲಿಯ ವೋಲ್ಟಾ ತನ್ನ ವಿದ್ಯುತ್ಕೋಶದ ವಿಷಯವನ್ನು ಲೋಕಕ್ಕೆ ತಿಳಿಸಿದ ೧೮೦೦ನೆಯ ವರ್ಷದಲ್ಲಿಯೇ ಲಂಡನ್ನಿನ ನಿಕೊಲ್ಸನ್ ಮತ್ತು ಕಾರ್ಲೈಲ್ ಎಂಬಿಬ್ಬರು ಆ ಕೋಶದ ಎರಡು ತಂತಿಗಳನ್ನು ನೀರಿನಲ್ಲಿ ಅದ್ದಿದರು. ಒಂದು ತಂತಿಯಲ್ಲಿ ಜಲಜನಕದ ಗುಳ್ಳೆಗಳೆದ್ದವು, ಇನ್ನೊಂದರಲ್ಲಿ ಆಮ್ಲಜನಕ ಬಂತು. ಇದನ್ನೇ ಇಂದು ಶಾಲೆಯ ಮಕ್ಕಳು ಬ್ಯಾಟರಿ ಇಟ್ಟುಕೊಂಡು ಮಾಡುತ್ತಾರೆ. ಆದರೆ ವಿದ್ಯುತ್ತನ್ನು ಕಲ್ಲಿದ್ದಲು ಸುಟ್ಟು ಪಡೆಯುವುದಾದರೆ ಒಂದು ಸೌದೆಯನ್ನು ಸುಟ್ಟು ಮತ್ತೊಂದು ಸೌದೆಯನ್ನು ಮಾಡಿದಂತಾಯಿತು. ಬೆಳಕೇ ನೇರವಾಗಿ ನೀರನ್ನು ಒಡೆಯುವಂತಿಲ್ಲವೆ?

ಈ ಪ್ರಶ್ನೆಗೆ ಮೊದಲ ಒಳ್ಳೆಯ ಉತ್ತರ ಜಪಾನಿನಿಂದ ಬಂತು. ಟೋಕಿಯೋ ವಿಶ್ವವಿದ್ಯಾನಿಲಯದ ಅಕಿರಾ ಫುಜಿಶಿಮಾ ಎಂಬ ತರುಣರೂ ಅವರ ಗುರುಗಳಾದ ಕೆನಿಚಿ ಹೊಂಡಾ ಅವರೂ ೧೯೭೨ರಲ್ಲಿ ಒಂದು ಸೋಜಿಗವನ್ನು ಪ್ರಕಟಿಸಿದರು. ಟೈಟೇನಿಯಂ ಡೈ ಆಕ್ಸೈಡೆಂಬ ವಸ್ತುವನ್ನು ನೀರಿನಲ್ಲಿಟ್ಟು, ಅದರಿಂದ ತಂತಿಯೆಳೆದು ಒಂದು ಪ್ಲಾಟಿನಂ ತಗಡಿಗೆ ಸೇರಿಸಿ, ಬೆಳಕು ಬಿಟ್ಟರೆ ಸಾಕು. ಬೆಳಕು ಬಿದ್ದ ಕಡೆ ಆಮ್ಲಜನಕವೂ ಪ್ಲಾಟಿನಂ ಕಡೆ ಜಲಜನಕವೂ ಬರತೊಡಗುತ್ತವೆ. ಈ ಟೈಟೇನಿಯಂ ಡೈ ಆಕ್ಸೈಡು ಅಪೂರ್ವ ವಸ್ತುವೇನೂ ಅಲ್ಲ. ಮನೆಯ ಗೋಡೆಗೆ ಬಳಿಯುವ ಬಿಳಿಯ ಬಣ್ಣದಲ್ಲಿ ಬಿಳುಪು ತರುವುದು ಇದೇ ಪುಡಿ.

ಬೆಳಕು ಇಲ್ಲಿ ಮಾಡುವ ಕೆಲಸವನ್ನು ಸ್ವಲ್ಪ ನಿಧಾನವಾಗಿ ನೋಡಬೇಕು, ಏಕೆಂದರೆ ಮುಂದಿನ ಕಥೆಯೆಲ್ಲ ಇದರ ಮೇಲೆಯೇ ನಿಂತಿದೆ. ಇಂತಹ ವಸ್ತುಗಳಿಗೆ ಅರೆವಾಹಕಗಳೆಂದು ಹೆಸರು. ಅವುಗಳೊಳಗೆ ಎಲೆಕ್ಟ್ರಾನುಗಳು ಕೆಳಗಿನ ಅಂತಸ್ತಿನಲ್ಲಿ ಒತ್ತೊತ್ತಾಗಿ ಕುಳಿತಿರುತ್ತವೆ. ಮೇಲಿನ ಅಂತಸ್ತು ಬರಿದಾಗಿರುತ್ತದೆ. ತಕ್ಕಷ್ಟು ಬಲವುಳ್ಳ ಬೆಳಕಿನ ಪೆಟ್ಟು ಬಿದ್ದರೆ ಒಂದು ಎಲೆಕ್ಟ್ರಾನು ಮೇಲಿನ ಅಂತಸ್ತಿಗೆ ನೆಗೆಯುತ್ತದೆ, ಕೆಳಗೆ ಅದರ ಸ್ಥಾನ ತೆರವಾಗುತ್ತದೆ. ಮೇಲಕ್ಕೆ ನೆಗೆದ ಎಲೆಕ್ಟ್ರಾನು ನೀರಿನಿಂದ ಜಲಜನಕವನ್ನು ಬಿಡಿಸಬಲ್ಲುದು. ಕೆಳಗಿನ ತೆರವು ನೀರಿನಿಂದ ಎಲೆಕ್ಟ್ರಾನನ್ನು ಕಿತ್ತುಕೊಂಡು ಆಮ್ಲಜನಕವನ್ನು ಬಿಡಿಸಬಲ್ಲುದು. ಇಬ್ಬರೂ ತಮ್ಮ ತಮ್ಮ ಕೆಲಸಕ್ಕೆ ಹೋದರೆ ನೀರು ಒಡೆಯಿತೆಂದೇ ಅರ್ಥ. ಆದರೆ ಹೋಗುತ್ತವೆಯೇ? ನೆಗೆದ ಎಲೆಕ್ಟ್ರಾನಿಗೆ ತನ್ನ ಹಳೆಯ ಜಾಗವೇ ಹಿತ. ನಾವು ಕಣ್ಣು ರೆಪ್ಪೆ ಬಡಿಯುವುದಕ್ಕಿಂತ ಲಕ್ಷಪಾಲು ಬೇಗ ಅವುಗಳಲ್ಲಿ ಹೆಚ್ಚಿನವು ಹಿಂದಕ್ಕೆ ಬಿದ್ದುಬಿಡುತ್ತವೆ. ಬೆಳಕು ತಂದ ಶಕ್ತಿ ವೃಥಾ ಬಿಸಿಯಾಗಿ ಹೋಗುತ್ತದೆ. ಇದಲ್ಲದೆ ಬಿಳಿಯ ಪುಡಿಗೆ ಇನ್ನೊಂದು ಕೊರತೆಯೂ ಇದೆ. ಅದು ಮಣಿಯುವುದು ಕಣ್ಣಿಗೆ ಕಾಣದ ಅತಿನೇರಿಳೆ ಕಿರಣಗಳಿಗೆ ಮಾತ್ರ. ನೆಲಕ್ಕೆ ಬೀಳುವ ಬಿಸಿಲಿನ ಶಕ್ತಿಯಲ್ಲಿ ಅವುಗಳ ಪಾಲು ನೂರಕ್ಕೆ ನಾಲ್ಕೈದು.

ಹಿಂದಕ್ಕೆ ಬೀಳುವ ಎಲೆಕ್ಟ್ರಾನನ್ನು ದಾರಿಯಲ್ಲಿಯೇ ತಡೆದು, ಕೈಹಿಡಿದು, ನೀರಿನ ಬಳಿಗೆ ಕರೆದೊಯ್ಯುವ ಮಧ್ಯಸ್ಥ ಬೇಕು. ಪುಡಿಯ ಮೇಲೆ ಅಲ್ಲಲ್ಲಿ ಅಂಟಿಸಿದ ಲೋಹದ ಕಣಗಳು ಈ ಕೆಲಸವನ್ನು ಮಾಡುತ್ತವೆ. ಇವುಗಳನ್ನೇ ವೇಗವರ್ಧಕಗಳೆನ್ನುವುದು. ವೇಗವರ್ಧಕವು ನಮ್ಮ ಮದುವೆಯ ಪುರೋಹಿತರ ಹಾಗೆ. ಅವರಿಲ್ಲದೆ ಕಾರ್ಯ ಸಾಗುವುದಿಲ್ಲ. ಆದರೆ ಮದುವೆಯಾಗುವವರು ಅವರಲ್ಲ, ಒಂದು ಮುಗಿಸಿ ಇನ್ನೊಂದು ಚಪ್ಪರಕ್ಕೆ ಹೊರಟುಬಿಡುತ್ತಾರೆ. ಜರ್ಮನಿಯ ಡೋಬರೈನರ್ ಎಂಬ ಪಂಡಿತರು ೧೮೨೩ರಲ್ಲಿ ಪ್ಲಾಟಿನಂನ ಸ್ಪಂಜಿನಂತಹ ಗಟ್ಟಿಯ ಮೇಲೆ ಜಲಜನಕವನ್ನು ಹಾಯಿಸಿದಾಗ, ಕಿಡಿಯ ಸಹಾಯವಿಲ್ಲದೆಯೇ ಅದು ಹೊತ್ತಿಕೊಂಡಿತು. ಪ್ಲಾಟಿನಂ ಮಾತ್ರ ಇದ್ದಂತೆಯೇ ಇತ್ತು. ಬೆಂಕಿಪೊಟ್ಟಣ ರೂಢಿಗೆ ಬರುವ ಮುಂಚೆ ದೀಪ ಹೊತ್ತಿಸಲು ಇದನ್ನು ಜನ ಮನೆಗಳಲ್ಲಿಯೂ ಇಟ್ಟುಕೊಂಡಿದ್ದರು. ಜಲಜನಕವನ್ನು ಉರಿಸುವುದರಲ್ಲಿ ಪುರೋಹಿತನಾದ ಪ್ಲಾಟಿನಂ, ಅದನ್ನು ನೀರಿನಿಂದ ಬಿಡಿಸುವುದರಲ್ಲಿಯೂ ಅಷ್ಟೇ ನಿಪುಣ. ಇದಕ್ಕಿಂತ ಮಿಗಿಲಾದ ಲೋಹ ಈ ಕೆಲಸಕ್ಕೆ ಸಿಗುವುದು ಕಷ್ಟ. ತೊಂದರೆಯೆಂದರೆ ಅದರ ಬೆಲೆ. ಅದರ ನೆಂಟರಾದ ರೋಡಿಯಂ, ಇರಿಡಿಯಂಗಳಂತೂ ಇನ್ನೂ ದುರ್ಲಭ. ಇರಿಡಿಯಂ ಇಡೀ ಪ್ರಪಂಚದಲ್ಲಿ ವರ್ಷಕ್ಕೆ ಹತ್ತು ಟನ್ನೂ ಸಿಗುವುದಿಲ್ಲ.

ಇಲ್ಲಿ ಒಂದು ಸಣ್ಣ ಲೆಕ್ಕ ಮಾಡೋಣ. ಕಚೇರಿಯಲ್ಲಿ ಗುಮಾಸ್ತೆಯಾದವನಿಗೆ ಲೆಕ್ಕವಿಲ್ಲದೆ ಸಮಾಧಾನವಿಲ್ಲ, ಓದುಗರು ಕ್ಷಮಿಸಬೇಕು. ಪ್ಲಾಟಿನಂನ ಒಂದು ಕಣವನ್ನು ಸಕ್ಕರೆಯ ಅಚ್ಚಿನಂತೆ ಚೌಕವಾದ ಗಟ್ಟಿಯೆಂದು ಭಾವಿಸಿ. ಉದ್ದಕ್ಕೆ ನೂರು, ಅಗಲಕ್ಕೆ ನೂರು, ಎತ್ತರಕ್ಕೆ ನೂರು ಪರಮಾಣುಗಳು. ಒಟ್ಟು ಹತ್ತು ಲಕ್ಷವಾಯಿತು. ನೀರು ಮುಟ್ಟುವುದು ಹೊರಮೈಯಲ್ಲಿರುವ ಪರಮಾಣುಗಳನ್ನು ಮಾತ್ರ. ಅವು ಎಷ್ಟು? ಒಳಗೆ ಹುದುಗಿರುವ ೯೮ರ ಘನವನ್ನು ಕಳೆದರೆ ಉಳಿಯುವುದು ೫೮,೮೦೮. ಎಂದರೆ ನೂರಕ್ಕೆ ಆರೂ ಇಲ್ಲ. ಮಿಕ್ಕ ತೊಂಬತ್ತನಾಲ್ಕು ಪಾಲು ದುಬಾರಿ ಲೋಹ ಒಳಗೆ ಸುಮ್ಮನೆ ಕೂತಿರುತ್ತದೆ. ಜನರು ಕಾಯುತ್ತಿರುವ ಕಿಟಕಿಗಳಲ್ಲಿ ಆರು ಮಂದಿ ದುಡಿಯುತ್ತಿದ್ದು, ಒಳಕೋಣೆಯಲ್ಲಿ ತೊಂಬತ್ತನಾಲ್ಕು ಮಂದಿ ಸಂಬಳ ಎಣಿಸುತ್ತಿರುವ ಕಚೇರಿಯನ್ನು ಊಹಿಸಿಕೊಳ್ಳಬಹುದು. (ಇಂತಹ ಕಚೇರಿ ಎಲ್ಲಿಯೂ ಇರಲಾರದೆಂದು ನಂಬೋಣ.) ಕಣವನ್ನು ಚಿಕ್ಕದು ಮಾಡುತ್ತ ಹೋದರೆ ಸ್ಥಿತಿ ಸುಧಾರಿಸುತ್ತದೆ. ಹತ್ತು, ಹತ್ತು, ಹತ್ತರ ಗಟ್ಟಿಯಲ್ಲಿ ಸಾವಿರಕ್ಕೆ ೪೮೮ ಪರಮಾಣುಗಳು ಹೊರಗಿರುತ್ತವೆ, ಹೆಚ್ಚುಕಡಿಮೆ ಅರ್ಧ. ಹೀಗೆಯೇ ಸಾಗಿದರೆ ಕೊನೆ ಎಲ್ಲಿ? ಒಂದೇ ಒಂದು ಪರಮಾಣುವಿನಲ್ಲಿ. ಆಗ ಒಳಕೋಣೆಯೆಂಬುದೇ ಇಲ್ಲ, ಪ್ರತಿಯೊಬ್ಬನೂ ಕಿಟಕಿಯಲ್ಲಿಯೇ.

ಚೀನಾದೇಶದ ದಾಲಿಯನ್ ನಗರದ ರಸಾಯನ ಭೌತಶಾಸ್ತ್ರ ಸಂಸ್ಥೆಯ ಟಾವೊ ಝಾಂಗ್ ಮತ್ತು ಅವರ ಜೊತೆಗಾರರು ೨೦೧೧ರಲ್ಲಿ ಇದನ್ನು ಮಾಡಿ ತೋರಿಸಿದರು. ಕಬ್ಬಿಣದ ಆಕ್ಸೈಡಿನ ಮೇಲೆ ಪ್ಲಾಟಿನಂ ಪರಮಾಣುಗಳನ್ನು ಒಂದಕ್ಕೊಂದು ತಾಗದಂತೆ ಬಿಡಿಬಿಡಿಯಾಗಿ ಕೂರಿಸಿದರು. ಅವರು ಆಗ ಪರೀಕ್ಷಿಸಿದ್ದು ನೀರನ್ನೊಡೆಯುವ ಕೆಲಸವನ್ನಲ್ಲ. ಇಂಗಾಲದ ಮೊನಾಕ್ಸೈಡೆಂಬ ವಿಷಾನಿಲವನ್ನು ಸುಡುವ ಕೆಲಸವನ್ನು. ಆದರೆ ಒಂಟಿ ಪರಮಾಣುವೂ ವೇಗವರ್ಧಕವಾಗಬಲ್ಲುದು, ಅದೂ ಚೆನ್ನಾಗಿಯೇ ಆಗಬಲ್ಲುದು ಎಂಬುದು ಸಿದ್ಧವಾಯಿತು. ‘ಏಕಪರಮಾಣು ವೇಗವರ್ಧನೆ’ ಎಂಬ ಶಾಸ್ತ್ರದ ಹೆಸರು ನೆಲೆಗೊಂಡದ್ದು ಆ ಲೇಖನದಿಂದಲೇ.

ಒಂಟಿಯಾಗಿ ಕೂತಿದೆಯೆಂದು ಕಂಡವರು ಯಾರು ಎಂದು ಕೇಳಬಹುದು. ಕಂಡಿದ್ದಾರೆ. ಇಂದಿನ ಎಲೆಕ್ಟ್ರಾನು ಸೂಕ್ಷ್ಮದರ್ಶಕಗಳಲ್ಲಿ ಭಾರದ ಪರಮಾಣುಗಳು ಹಗುರವಾದವುಗಳಿಗಿಂತ ಹೆಚ್ಚು ಹೊಳೆಯುತ್ತವೆ. ಪ್ಲಾಟಿನಂ ಬಹು ಭಾರದ ಲೋಹವಾದುದರಿಂದ, ಬೂದುಬಣ್ಣದ ನೆಲದ ಮೇಲೆ ಅದರ ಒಂದೊಂದು ಪರಮಾಣುವೂ ಬಿಳಿಯ ಚುಕ್ಕೆಯಾಗಿ ಕಾಣುತ್ತದೆ. ಸೆಗಣಿ ಸಾರಿಸಿದ ಅಂಗಳದಲ್ಲಿ ರಂಗೋಲಿಗೆ ಮುಂಚೆ ಇಟ್ಟ ಚುಕ್ಕಿಗಳಂತೆ.

ಇಷ್ಟು ಸುಲಭವಾಗಿದ್ದರೆ ಈ ಜಾಣ್ಮೆ ಐವತ್ತು ವರ್ಷ ಮುಂಚೆಯೇ ಬರುತ್ತಿತ್ತು. ಒಂಟಿ ಪರಮಾಣುವಿಗೆ ಒಂಟಿತನ ಸಹಿಸದು. ಸ್ವಲ್ಪ ಬಿಸಿ ತಾಗಿದರೆ ಸಾಕು, ಮೇಲ್ಮೈಯ ಮೇಲೆ ಜಾರಿ ಹೋಗಿ ತನ್ನ ಜಾತಿಯ ಇನ್ನೊಂದನ್ನು ಹುಡುಕಿಕೊಳ್ಳುತ್ತದೆ. ಎರಡು ನಾಲ್ಕಾಗಿ, ನಾಲ್ಕು ನಲವತ್ತಾಗಿ ಮತ್ತೆ ಗಟ್ಟಿ ಕಟ್ಟುತ್ತದೆ. ಪರಊರಿಗೆ ಬಂದ ನಾವು ಮೊದಲ ತಿಂಗಳಲ್ಲಿಯೇ ಕನ್ನಡ ಮಾತನಾಡುವವರ ಮನೆ ಎಲ್ಲಿದೆಯೆಂದು ವಿಚಾರಿಸಿಕೊಂಡು ಹೋಗಲಿಲ್ಲವೆ? ಲೋಹದ ಸ್ವಭಾವವೂ ಅದೇ. ನಮಗೆ ಅದರಿಂದ ಒಳ್ಳೆಯದೇ ಆಗಿದೆ. ವೇಗವರ್ಧಕಕ್ಕೆ ಮಾತ್ರ ಕೆಡುಕು. (ಸಂಘದ ಕಾರ್ಯದರ್ಶಿಗಳು ಈ ವಾಕ್ಯವನ್ನು ಸದಸ್ಯತ್ವದ ವಿರುದ್ಧ ಪ್ರಚಾರವೆಂದು ತಿಳಿಯಬಾರದು.) ಆದ್ದರಿಂದ ಇಲ್ಲಿ ಮುಖ್ಯವಾದುದು ಪರಮಾಣುವಿಗಿಂತ ಅದು ಕೂರುವ ಪೀಠ. ಅದು ಎದ್ದು ಹೋಗದಂತೆ ಹಿಡಿದಿಡಬೇಕು. ಹಿಡಿದಿಟ್ಟರೂ ಅದರ ಕೈ ಕಟ್ಟಿಹಾಕಬಾರದು.

ಪೀಠಗಳಲ್ಲಿ ಒಂದು ಹಳದಿ ಬಣ್ಣದ ಇಂಗಾಲ–ಸಾರಜನಕದ ಪುಡಿ. ಮೆಲಮಿನ್ ತಟ್ಟೆಗಳು ನಮ್ಮ ಮನೆಗಳಲ್ಲಿವೆಯಲ್ಲ, ಆ ಮೆಲಮಿನ್ ಎಂಬ ರಾಸಾಯನಿಕವನ್ನೇ ಕುಲುಮೆಯಲ್ಲಿ ಕಾಯಿಸಿದರೆ ಈ ಪುಡಿಯಾಗುತ್ತದೆ. ಇದು ಬರಿಯ ಅತಿನೇರಿಳೆಗಲ್ಲದೆ ಕಣ್ಣಿಗೆ ಕಾಣುವ ಬೆಳಕಿಗೂ ಸ್ಪಂದಿಸುತ್ತದೆಂದೂ, ಪ್ಲಾಟಿನಂ ಸೇರಿಸಿದರೆ ನೀರಿನಿಂದ ಜಲಜನಕ ಕೊಡುತ್ತದೆಂದೂ ೨೦೦೯ರಲ್ಲಿ ತಿಳಿದುಬಂತು. ಸೂಕ್ಷ್ಮದಲ್ಲಿ ನೋಡಿದರೆ ಇದು ಜಾಲರಿಯಂತಹ ಹಾಳೆ. ಜಾಲರಿಯ ಕಂಡಿಗಳ ಸುತ್ತ ಸಾರಜನಕದ ಪರಮಾಣುಗಳು ಕಾವಲು ನಿಂತಂತಿರುತ್ತವೆ. ಆ ಕಂಡಿಗಳಲ್ಲಿ ಲೋಹದ ಪರಮಾಣು ಒಂದೊಂದಾಗಿ ಕೂರುತ್ತದೆ. ಚೀನಾದ ಸಂಶೋಧಕರು ೨೦೧೬ರಲ್ಲಿ ಹೀಗೆ ಪ್ಲಾಟಿನಂ ಕೂರಿಸಿ ಅಳೆದಾಗ, ಕಣಗಳ ರೂಪದ ಪ್ಲಾಟಿನಂಗಿಂತ ೮.೬ ಪಾಲು ಹೆಚ್ಚು ಜಲಜನಕ ಬಂತು. ಲೋಹ ಅದೇ, ಕೂತ ರೀತಿ ಮಾತ್ರ ಬೇರೆ.

ನನಗೆ ಇದಕ್ಕಿಂತಲೂ ಹಿಡಿಸಿದ್ದು ಕೊರಿಯಾದವರ ತಾಮ್ರದ ಪ್ರಯೋಗ. ಸಿಯೋಲ್ ನಗರದ ಟೇಘ್ವಾನ್ ಹ್ಯೋನ್ ಎಂಬ ವಿಜ್ಞಾನಿ ಮತ್ತು ಅವರ ಸಂಗಡಿಗರು ೨೦೧೯ರಲ್ಲಿ ಇದನ್ನು ಪ್ರಕಟಿಸಿದರು. ಪ್ಲಾಟಿನಂ ಅರಸರ ಮನೆಯದಾಯಿತು, ನಮ್ಮ ಚೊಂಬು ಹಂಡೆಗಳ ತಾಮ್ರದಿಂದ ಆಗದೆ ಎಂಬುದು ಅವರ ಹಟ. ಮಾಡಿದ ವಿಧಾನವನ್ನು ಅವರು ಸುತ್ತು, ಬೇಯಿಸು, ಸುಲಿ ಎಂದು ಕರೆಯುತ್ತಾರೆ. ನಮ್ಮ ಕರಾವಳಿಯ ತಾಯಂದಿರಿಗೆ ಇದನ್ನು ವಿವರಿಸಬೇಕಾದುದೇ ಇಲ್ಲ. ಅರಸಿನ ಎಲೆಯಲ್ಲಿ ಕಡುಬು ಮಾಡುವ ಕ್ರಮವೇ ಅದು. ಟೈಟೇನಿಯಂ ಡೈ ಆಕ್ಸೈಡಿನ ಸಣ್ಣ ಕಣಗಳಿಗೆ ತಾಮ್ರವನ್ನು ಸವರಿ, ಮೇಲೆ ಸಿಲಿಕಾದ ಹೊದಿಕೆ ಸುತ್ತಿ, ಕುಲುಮೆಯಲ್ಲಿ ಚೆನ್ನಾಗಿ ಕಾಯಿಸುತ್ತಾರೆ. ಹೊದಿಕೆಯಿರುವುದರಿಂದ ಕಣಗಳು ಒಂದಕ್ಕೊಂದು ಅಂಟಿಕೊಳ್ಳುವಂತಿಲ್ಲ. ತಾಮ್ರಕ್ಕೂ ಹೊರಗೆ ಓಡಿಹೋಗಲು ದಾರಿಯಿಲ್ಲ. ಶಾಖದಲ್ಲಿ ಅದು ಟೈಟೇನಿಯಂ ಪರಮಾಣು ಇಲ್ಲದೆ ತೆರವಾಗಿರುವ ಜಾಗಗಳನ್ನು ಹುಡುಕಿಕೊಂಡು ಒಂದೊಂದರಲ್ಲಿ ಒಂದೊಂದಾಗಿ ನೆಲೆಸುತ್ತದೆ. ಬಳಿಕ ಸಿಲಿಕಾದ ಸಿಪ್ಪೆಯನ್ನು ತೆಗೆದುಬಿಡುತ್ತಾರೆ.

ಹೀಗೆ ತಯಾರಾದ ಪುಡಿಗೆ ಬೆಳಕು ಬಿಟ್ಟರೆ ಅದರ ಬಣ್ಣ ಗಾಢವಾಗುತ್ತದೆ. ಆಮ್ಲಜನಕ ತಾಗಿದರೆ ಮತ್ತೆ ಮೊದಲಿನ ಬಣ್ಣಕ್ಕೆ ತಿರುಗುತ್ತದೆ. ನೆಗೆದ ಎಲೆಕ್ಟ್ರಾನನ್ನು ತಾಮ್ರದ ಪರಮಾಣು ಹಿಡಿದುಕೊಂಡಾಗ ಅದರ ಸುತ್ತಲಿನ ಹಂದರವೂ ತುಸು ಸರಿದು ಅದಕ್ಕೆ ಅನುವು ಮಾಡಿಕೊಡುವುದರಿಂದ ಈ ಬದಲಾವಣೆ. ಕೂತವನು ಮಾತ್ರವಲ್ಲದೆ ಪೀಠವೂ ದುಡಿಯಿತೆಂದಾಯಿತು. ಕೊನೆಗೆ ಈ ತಾಮ್ರದ ಪುಡಿಯು ಪ್ಲಾಟಿನಂ ಹಾಕಿದ ಟೈಟೇನಿಯಂ ಪುಡಿಗೆ ಸರಿಗಟ್ಟುವಷ್ಟು ಜಲಜನಕವನ್ನು ಕೊಟ್ಟಿತು. ಅರಸನ ಲೋಹ ಮಾಡುವ ಕೆಲಸವನ್ನು ಅಡಿಗೆಮನೆಯ ಲೋಹ ಮಾಡಿತೆಂಬುದು ಸಣ್ಣ ಮಾತಲ್ಲ.

ಇಷ್ಟು ಹೊಗಳಿದ ಮೇಲೆ ಲೆಕ್ಕದ ಇನ್ನೊಂದು ಪುಟವನ್ನೂ ತೆರೆಯಬೇಕು. ಮೇಲೆ ಹೇಳಿದ ಪ್ಲಾಟಿನಂ ಮತ್ತು ತಾಮ್ರದ ಎರಡು ಪ್ರಯೋಗಗಳಲ್ಲಿಯೂ ಪಾತ್ರೆಯಲ್ಲಿದ್ದುದು ಶುದ್ಧ ನೀರಲ್ಲ. ಒಂದರಲ್ಲಿ ಟ್ರೈಎಥನಾಲಮೀನ್ ಎಂಬ ದ್ರವವನ್ನೂ ಇನ್ನೊಂದರಲ್ಲಿ ಮೆಥನಾಲನ್ನೂ ಬೆರೆಸಿದ್ದರು. ಏಕೆ? ಎಲೆಕ್ಟ್ರಾನು ಮೇಲಕ್ಕೆ ನೆಗೆದಾಗ ಕೆಳಗೆ ಉಳಿಯುವ ತೆರವನ್ನು ಯಾರಾದರೂ ತುಂಬಬೇಕಷ್ಟೆ. ನ್ಯಾಯವಾಗಿ ನೀರೇ ಅದನ್ನು ತುಂಬಿ ಆಮ್ಲಜನಕವನ್ನು ಬಿಡಬೇಕು. ಆದರೆ ಅದು ಬಲು ಕಷ್ಟದ ಕೆಲಸ. ಆದ್ದರಿಂದ ಸುಲಭವಾಗಿ ಎಲೆಕ್ಟ್ರಾನು ಬಿಟ್ಟುಕೊಡುವ ಬೇರೊಂದು ದ್ರವ್ಯವನ್ನು ಬಲಿಕೊಡುತ್ತಾರೆ. ಜಲಜನಕದ ಪಾಲಿನ ಕೆಲಸವನ್ನು ಬೇರೆಯಾಗಿ ಅಳೆಯಲು ಇದು ಯೋಗ್ಯವಾದ ಕ್ರಮವೇ. ಆದರೆ ಇದನ್ನು ನೀರನ್ನೊಡೆದಂತೆಂದು ಹೇಳಿದರೆ ಅರ್ಧ ಮದುವೆಯನ್ನು ಪೂರ್ತಿ ಎಂದಂತೆ. ಪತ್ರಿಕೆಯ ಸುದ್ದಿಗಳಲ್ಲಿ ಈ ಭೇದವನ್ನು ಹೇಳುವವರೇ ಕಡಿಮೆ.

ಆಮ್ಲಜನಕದ ಕಡೆ ಏತಕ್ಕೆ ಅಷ್ಟು ಕಷ್ಟ? ಜಲಜನಕದ ಒಂದು ಅಣು ಹುಟ್ಟಬೇಕಾದರೆ ಎರಡು ಎಲೆಕ್ಟ್ರಾನುಗಳು ಸಾಕು. ಆಮ್ಲಜನಕದ ಒಂದು ಅಣುವಿಗೆ ಎರಡು ನೀರಿನ ಅಣುಗಳಿಂದ ನಾಲ್ಕು ಎಲೆಕ್ಟ್ರಾನುಗಳನ್ನು ಒಂದಾದ ಮೇಲೊಂದರಂತೆ ಕೀಳಬೇಕು. ಬಳಿಕ ಎರಡು ಆಮ್ಲಜನಕ ಪರಮಾಣುಗಳನ್ನು ಜೋಡಿಸಬೇಕು. ಗಿಡದ ಎಲೆಯು ಕೋಟ್ಯಂತರ ವರ್ಷಗಳಿಂದ ಇದನ್ನು ದಿನವೂ ಮಾಡುತ್ತಿದೆ. ಹೇಗೆಂದು ಹುಡುಕಿ ನೋಡಿದಾಗ, ಎಲೆಯಲ್ಲಿ ಈ ಕೆಲಸ ನಡೆಯುವ ಜಾಗದಲ್ಲಿರುವುದು ಒಂಟಿ ಪರಮಾಣುವಲ್ಲ. ನಾಲ್ಕು ಮ್ಯಾಂಗನೀಸ್ ಮತ್ತು ಒಂದು ಕ್ಯಾಲ್ಸಿಯಂ ಸೇರಿದ ಪುಟ್ಟ ಅವಿಭಕ್ತ ಕುಟುಂಬ. ಜಪಾನಿನ ವಿಜ್ಞಾನಿಗಳು ೨೦೧೧ರಲ್ಲಿ ಅದರ ರಚನೆಯನ್ನು ಬಿಡಿಸಿ ತೋರಿಸಿದರು. ಆದ್ದರಿಂದ ಒಂಟಿಯಾಗಿರುವುದೇ ಎಲ್ಲ ಕಡೆಯೂ ಮೇಲೆಂಬ ಮಾತು ನಿಲ್ಲುವುದಿಲ್ಲ. ಎರಡು ಪರಮಾಣುಗಳನ್ನು ಪಕ್ಕಪಕ್ಕದಲ್ಲಿ ಜೋಡಿಯಾಗಿ ಕೂರಿಸುವ ಪ್ರಯತ್ನಗಳು ಈಗ ನಡೆಯುತ್ತಿರುವುದು ಇಂತಹ ಕಾರಣದಿಂದಲೇ.

ಇನ್ನು ಬಯಲಿನ ಬಿಸಿಲಿನಲ್ಲಿ, ಬಲಿಯ ದ್ರವ್ಯವಿಲ್ಲದೆ, ಬರಿಯ ನೀರಿನಿಂದ ಆದದ್ದೆಷ್ಟು? ಇದರಲ್ಲಿಯೂ ಜಪಾನಿನವರೇ ಮುಂದು. ಕಾಜುನಾರಿ ಡೊಮೆನ್ ಅವರ ತಂಡ ೨೦೨೦ರಲ್ಲಿ ಸ್ಟ್ರಾನ್ಷಿಯಂ ಟೈಟನೇಟ್ ಎಂಬ ಪುಡಿಗೆ ತಕ್ಕ ಲೋಹಗಳನ್ನು ತಕ್ಕ ಮುಖಗಳಲ್ಲಿ ಕೂರಿಸಿ, ಅತಿನೇರಿಳೆ ಬೆಳಕಿನ ನೂರು ಕಣಗಳಲ್ಲಿ ೯೬ರಷ್ಟು ಕೆಲಸಕ್ಕೆ ಬರುವಂತೆ ಮಾಡಿತು. ಎಲೆಕ್ಟ್ರಾನು ಹಿಂದಕ್ಕೆ ಬೀಳುವ ರೋಗಕ್ಕೆ ಮದ್ದಿದೆಯೆಂದು ಇದರಿಂದ ನಿಶ್ಚಯವಾಯಿತು. ೨೦೨೧ರಲ್ಲಿ ಅದೇ ಬಗೆಯ ಪುಡಿಯನ್ನು ಹಲಗೆಗಳಿಗೆ ಲೇಪಿಸಿ, ಕಾಕಿಯೋಕಾ ಎಂಬ ಸ್ಥಳದಲ್ಲಿ ನೂರು ಚದರ ಮೀಟರಿನಷ್ಟು ಬಯಲಿನಲ್ಲಿ ಹರಡಿ ತಿಂಗಳುಗಟ್ಟಲೆ ನಡೆಸಿದ ವರದಿ ಬಂತು. ಬಿಸಿಲಿನ ಶಕ್ತಿಯಲ್ಲಿ ಜಲಜನಕವಾದದ್ದು ಹೆಚ್ಚೆಂದರೆ ನೂರಕ್ಕೆ ೦.೭೬. ಒಂದು ಕಡೆ ೯೬, ಇನ್ನೊಂದು ಕಡೆ ಮುಕ್ಕಾಲು, ಎರಡೂ ನಿಜವೇ. ಮೊದಲನೆಯದು ಅತಿನೇರಿಳೆಯಲ್ಲಿ ಮಾತ್ರ ಎಣಿಸಿದ್ದು. ಎರಡನೆಯದು ಇಡೀ ಬಿಸಿಲಿನಲ್ಲಿ ಎಣಿಸಿದ್ದು.

ಮುಕ್ಕಾಲೆಂದರೆ ಎಷ್ಟಾಯಿತೆಂದು ನೋಡೋಣ. ನಡುಹಗಲಿನ ಒಳ್ಳೆಯ ಬಿಸಿಲು ಚದರ ಮೀಟರಿಗೆ ಒಂದು ಕಿಲೋವಾಟ್ ಎಂದು ಹಿಡಿದರೆ, ನೂರು ಚದರ ಮೀಟರಿನಿಂದ ಗಂಟೆಗೆ ಸಿಗುವ ಜಲಜನಕ ಇಪ್ಪತ್ತಮೂರು ಗ್ರಾಂ. ನಮ್ಮ ಕಟ್ಟಡಗಳ ತಾರಸಿ ಅಷ್ಟಿದ್ದರೆ ದೊಡ್ಡದು! ಅದೇ ತಾರಸಿಯಲ್ಲಿ ನೂರಕ್ಕೆ ಹತ್ತು ಸಾಧಿಸಿದರೆ ಗಂಟೆಗೆ ಮುನ್ನೂರು ಗ್ರಾಂ ಬಂದೀತು. ವ್ಯಾಪಾರಕ್ಕೆ ನಿಲ್ಲಬೇಕಾದರೆ ನೂರಕ್ಕೆ ಐದರಿಂದ ಹತ್ತಾದರೂ ಬೇಕೆಂಬುದು ಈ ಶಾಸ್ತ್ರದವರೇ ಹಾಕಿಕೊಂಡಿರುವ ಗುರಿ. ಅಷ್ಟಾದರೂ ಅದರ ಎದುರಾಳಿ ಬಲಿಷ್ಠ. ಬಿಸಿಲಿನಿಂದ ಮೊದಲು ವಿದ್ಯುತ್ತು ಮಾಡಿ, ಆ ವಿದ್ಯುತ್ತಿನಿಂದ ನೀರನ್ನು ಒಡೆಯುವ ಎರಡು ಮೆಟ್ಟಲಿನ ದಾರಿಯಲ್ಲಿ ಈಗಲೇ ಅದಕ್ಕಿಂತ ಹೆಚ್ಚು ಸಿಗುತ್ತದೆ. ಪುಡಿಯ ದಾರಿ ಗೆಲ್ಲಬೇಕಾದರೆ ಅದು ಬಹಳ ಅಗ್ಗವಾಗಬೇಕು. ಒಂಟಿ ಪರಮಾಣುಗಳ ಮಹತ್ವ ಇರುವುದು ಇಲ್ಲಿಯೇ. ಎರಡು ಮೆಟ್ಟಲಿನ ಯಂತ್ರಗಳಲ್ಲಿಯೂ ಒಂದು ಬಗೆಯವಕ್ಕೆ ಪ್ಲಾಟಿನಂ ಇರಿಡಿಯಂಗಳು ಬೇಕೇ ಬೇಕು. ಆ ಲೋಹಗಳನ್ನು ಉಳಿಸುವ ಜಾಣ್ಮೆ ಯಾವ ದಾರಿ ಗೆದ್ದರೂ ಸಾರ್ಥಕ.

ನಮ್ಮ ದೇಶವೂ ಕೈಕಟ್ಟಿ ಕುಳಿತಿಲ್ಲ. ಕೇಂದ್ರ ಸರ್ಕಾರ ೨೦೨೩ರ ಜನವರಿಯಲ್ಲಿ ೧೯,೭೪೪ ಕೋಟಿ ರೂಪಾಯಿಗಳ ಹಸಿರು ಜಲಜನಕ ಯೋಜನೆಗೆ ಒಪ್ಪಿಗೆ ಕೊಟ್ಟಿತು. ೨೦೩೦ರ ಹೊತ್ತಿಗೆ ವರ್ಷಕ್ಕೆ ಐವತ್ತು ಲಕ್ಷ ಟನ್ನು ಅದರ ಗುರಿ. ಬೆಂಗಳೂರಿನಲ್ಲಿ ಹುಟ್ಟಿ, ಭಾರತರತ್ನ ಪಡೆದ ನಮ್ಮ ಸಿ. ಎನ್. ಆರ್. ರಾಯರು ಅಲ್ಲಿಯ ಜವಾಹರಲಾಲ್ ನೆಹರೂ ಕೇಂದ್ರದಲ್ಲಿ, ಎಂಬತ್ತರ ಸಮೀಪದ ವಯಸ್ಸಿನಲ್ಲಿ ಕೈಹಾಕಿದ ವಿಷಯಗಳಲ್ಲಿ ಇದೂ ಒಂದು. ಪ್ಲಾಟಿನಂ ಇಲ್ಲದೆ, ಮಾಲಿಬ್ಡಿನಂ ಸಲ್ಫೈಡಿನ ಕೆಲವೇ ಪದರಗಳ ಹಾಳೆಗಳಿಂದ ಬೆಳಕಿನಲ್ಲಿ ಜಲಜನಕ ಪಡೆಯುವ ಬಗೆಯನ್ನು ಅವರೂ ಅವರ ಶಿಷ್ಯರೂ ೨೦೧೩ರಿಂದೀಚೆಗೆ ಪ್ರಕಟಿಸಿದ್ದಾರೆ. ಯಂತ್ರಗಳ ಕೀಲುಗಳಿಗೆ ಎಣ್ಣೆಯ ಬದಲು ಹಾಕುವ ಕರಿಯ ಪುಡಿಯೂ ಇದೇ ಸಲ್ಫೈಡು.

ಕಾಕಿಯೋಕಾದ ಹಲಗೆಗಳ ವಿಷಯದಲ್ಲಿ ಒಂದು ಮಾತು ಬಾಕಿಯಿದೆ. ಅಲ್ಲಿ ಜಲಜನಕವೂ ಆಮ್ಲಜನಕವೂ ಒಂದೇ ಕೊಳವೆಯಲ್ಲಿ ಬೆರೆತು ಬರುತ್ತಿದ್ದವು. ಒಂದು ಕಿಡಿ ಬಿದ್ದರೆ ಸಿಡಿಯತಕ್ಕ ಮಿಶ್ರಣ. ಸೂಕ್ಷ್ಮವಾದ ಪೊರೆಯೊಂದರ ಮೂಲಕ ಹಾಯಿಸಿ ಜಲಜನಕವನ್ನು ಬೇರೆ ಮಾಡಿಕೊಂಡರು. ಅಷ್ಟಕ್ಕೇ ತೃಪ್ತರಾಗದೆ ಬೇಕೆಂದೇ ಅನಿಲಕ್ಕೆ ಕಿಡಿ ಹೊತ್ತಿಸಿಯೂ ನೋಡಿದರು. ಏರ್ಪಾಟಿಗೆ ಏನೂ ಆಗಲಿಲ್ಲ. ಆದರೆ ಆ ಹಲಗೆಗಳ ಮೇಲೆ ಜಲಜನಕವನ್ನು ಬಿಡಿಸುತ್ತಿದ್ದುದು ರೋಡಿಯಂ ಮತ್ತು ಕ್ರೋಮಿಯಂ ಕೂಡಿದ ಸಣ್ಣ ಕಣಗಳು. ಒಂಟಿ ಪರಮಾಣುಗಳಿಗೆ ಆ ಬಯಲಿನಲ್ಲಿ ಜಾಗ ಸಿಕ್ಕಿರಲಿಲ್ಲ.